ನಡತೆ: ಉತ್ತಮ

2024ರ ಜೂನ್ ಮೊದಲ ವಾರ. ಹೆಡ್‌ಮೇಷ್ಟ್ರು ನಿವೃತ್ತರಾಗಿ ಶಾಲೆಯ ಪ್ರಭಾರ ನನ್ನ ತಲೆಗೆ ಬಿದ್ದಿತ್ತು. ಏಳನೇ ತರಗತಿ ಮುಗಿಸಿ ಹೈಸ್ಕೂಲಿಗೆ ಹೊರಟ ಹನ್ನೊಂದು ಮಕ್ಕಳ ಟಿ.ಸಿ. ಬರೆಯುತ್ತ ಕೂತಿದ್ದೆ. ಹೆಸರು, ತಂದೆ ತಾಯಿ, ಹುಟ್ಟಿದ ದಿನಾಂಕ, ಸೇರಿದ ತರಗತಿ, ಬಿಟ್ಟ ತರಗತಿ. ಕೊನೆಕೊನೆಗೆ 'ನಡತೆ' ಅಂತ ಒಂದು ಕಾಲಂ ಬರುತ್ತದೆ. ಅಲ್ಲಿ ಯೋಚನೆಗೆ ಕೆಲಸವಿಲ್ಲ, ಕೈ ತಾನಾಗಿ 'ಉತ್ತಮ' ಅಂತ ಬರೆದುಬಿಡುತ್ತದೆ. ಎಂಟನೆಯದೋ ಒಂಬತ್ತನೆಯದೋ ಟಿ.ಸಿ.ಗೂ ಹಾಗೇ ಬರೆದೆ. ಬರೆದಾದ ಮೇಲೆ ಹೆಸರು ನೋಡಿದೆ. ಆ ಹುಡುಗನ ನಡತೆ ಹೇಗೆ ಅಂತ ನನಗೆ ಗೊತ್ತಿರಲಿಲ್ಲ. ಏಳು ವರ್ಷ ಅವನ ಹೆಸರು ನಮ್ಮ ದಾಖಲೆಯಲ್ಲಿತ್ತು, ವರ್ಷ ವರ್ಷ ಪಾಸಾಗಿದ್ದ. ಒಂದು ದಿನವೂ ನಮ್ಮ ಕೋಣೆಯಲ್ಲಿ ಕೂತಿರಲಿಲ್ಲ.

ಅವನು 'ಗೃಹಾಧಾರಿತ'. ಸ್ಟಾಫ್ ರೂಮಿನ ಮಾತಿನಲ್ಲಿ 'ಹೋಮ್ ಬೇಸ್ಡ್'. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಶಿಕ್ಷಣ ಕೊಡುವ ವ್ಯವಸ್ಥೆ. ಪಠ್ಯಪುಸ್ತಕ, ಸಮವಸ್ತ್ರ, ಶೂ ಎಲ್ಲ ಲೆಕ್ಕದ ಪ್ರಕಾರ ಅವನ ಮನೆಗೆ ತಲುಪಿವೆ. ನಡೆಯಲಾಗದ ಹುಡುಗನಿಗೆ ಐದು ಜೊತೆ ಕಪ್ಪು ಶೂ. ಅವನಮ್ಮ ಅವನ್ನು ಯಾರಿಗೂ ಕೊಟ್ಟಿರಲಿಲ್ಲ. ಚಿಕ್ಕದರಿಂದ ದೊಡ್ಡದರವರೆಗೆ ಗೂಡಿನಲ್ಲಿ ಸಾಲಾಗಿ ಇಟ್ಟಿದ್ದರು, ಒಂದರ ತಳಕ್ಕೂ ಮಣ್ಣು ಹತ್ತಿರಲಿಲ್ಲ.

ಊರಿನ ಹೆಸರು ಬರೆಯುವುದಿಲ್ಲ. ಅರಸೀಕೆರೆಗೂ ತಿಪಟೂರಿಗೂ ನಡುವೆ ಎಲ್ಲೋ ಒಂದು ಕಡೆ ಅಂದುಕೊಳ್ಳಿ. ತೆಂಗಿನ ತೋಟ, ರಾಗಿ ಹೊಲ, ಹಾಲಿನ ಡೈರಿ, ಒಂದರಿಂದ ಏಳರವರೆಗಿನ ಸರ್ಕಾರಿ ಶಾಲೆ. ಹುಡುಗನ ಅಪ್ಪ ಕಾಯಿ ಸುಲಿಯುವ ಕೆಲಸದವರು. ಹುಡುಗನಿಗೆ ಸೆರೆಬ್ರಲ್ ಪಾಲ್ಸಿ, ಊರಿನ ಮಾತಿನಲ್ಲಿ 'ಕೈಕಾಲು ಸ್ವಾಧೀನ ಇಲ್ಲ'. ವೈದ್ಯರ ಪ್ರಮಾಣಪತ್ರದಲ್ಲಿ ಶೇ 75.

2017ರ ಜೂನ್‌ನಲ್ಲಿ ಅಪ್ಪ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ದಾಖಲಾತಿಗೆ ಬಂದರು. ಆಗ ನನ್ನ ಕೈಯಲ್ಲಿ ಒಂದರಿಂದ ಮೂರನೇ ತರಗತಿವರೆಗಿನ ಮೂವತ್ತನಾಲ್ಕು ಮಕ್ಕಳಿದ್ದರು. ಹುಡುಗ ನನ್ನ ಮುಖ ನೋಡಿ ನಕ್ಕ. ನಕ್ಕರೆ ಅವನ ಕುತ್ತಿಗೆ ಎಡಕ್ಕೆ ವಾಲುತ್ತದೆ. ಬೇರೆ ಮಕ್ಕಳು ಬಂದರೆ 'ಏನಪ್ಪ ನಿನ್ನ ಹೆಸರು' ಅಂತ ಶುರು ಮಾಡುವವಳು ನಾನು. ಅವತ್ತು ಹೆಸರು ಕೇಳಲಿಲ್ಲ. ಅಪ್ಪನ ಕಡೆ ತಿರುಗಿ, "ಒಂದಕ್ಕೆ ಬಂದ್ರೆ ಹೇಳ್ತಾನಾ?" ಅಂದೆ.

"ಹೇಳ್ತಾನೆ ಮೇಡಂ. ಎತ್ಕಂಡ್ ಹೋಗ್ಬೇಕು, ಅಷ್ಟೆ."

ಆ 'ಅಷ್ಟೆ'ಯಲ್ಲೇ ಅವನ ಏಳು ವರ್ಷ ತೀರ್ಮಾನವಾಯಿತು. ಹೆಡ್‌ಮೇಷ್ಟ್ರು, "ಹೋಮ್ ಬೇಸ್ಡಿಗೆ ಹಾಕ್ಬಿಡಿ ಮೇಡಂ, ಅವ್ರಿಗೂ ಅನುಕೂಲ" ಅಂದರು. ಹತ್ತು ನಿಮಿಷದಲ್ಲಿ ಫಾರಂ ತುಂಬಿದೆ. ಎಲ್ಲಿ ಸಹಿ ಮಾಡಬೇಕು ಅಂತ ಬೆರಳಿಟ್ಟು ತೋರಿಸಿದ್ದೂ ನಾನೇ. ಅಪ್ಪ, "ಮನೇಗೇ ಬಂದು ಹೇಳ್ಕೊಡ್ತಾರೆ ಅಂದ್ರೆ ಒಳ್ಳೇದೇ ಅಲ್ವಾ" ಅಂದು ಕೈ ಮುಗಿದು, ಮಗನನ್ನು ಮತ್ತೆ ಹೆಗಲಿಗೇರಿಸಿಕೊಂಡು ಹೋದರು.

ಕಾನೂನು ಏನು ಹೇಳುತ್ತದೆ ಅಂತ ನಾನು ಓದಿದ್ದು ಬಹಳ ತಡವಾಗಿ. ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ. 2012ರಲ್ಲಿ ಅದಕ್ಕೆ ತಿದ್ದುಪಡಿ ತಂದು, ಬಹುವಿಧ ಮತ್ತು ತೀವ್ರ ವೈಕಲ್ಯ ಇರುವ ಮಗು ಬೇಕಿದ್ದರೆ ಮನೆಯಲ್ಲೇ ಶಿಕ್ಷಣ ಪಡೆಯುವುದನ್ನು ಆರಿಸಿಕೊಳ್ಳಬಹುದು ಅಂತ ಸೇರಿಸಿದರು. ಆರಿಸಿಕೊಳ್ಳುವ ಹಕ್ಕು ಮಗುವಿನದು. ಶಾಲೆಗೆ ಅಂಥ ಹಕ್ಕು ಎಲ್ಲೂ ಕೊಟ್ಟಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇನ್ನೂ ನೇರ. ಅದರ 31ನೇ ಕಲಂ ಪ್ರಕಾರ, ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯ ಇರುವ ಆರರಿಂದ ಹದಿನೆಂಟು ವರ್ಷದ ಮಗುವಿಗೆ ನೆರೆಹೊರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ, ತನಗೆ ಬೇಕಾದ ಕಡೆ, ಉಚಿತವಾಗಿ ಕಲಿಯುವ ಹಕ್ಕಿದೆ. ಮನೆ ಎಂಬ ಮಾತೇ ಆ ಕಲಮಿನಲ್ಲಿಲ್ಲ. ಈ ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್ 19ಕ್ಕೆ. ನಾನು ಫಾರಂ ತುಂಬುವ ಹೊತ್ತಿಗೆ ಅದಕ್ಕೆ ಎರಡು ತಿಂಗಳೂ ತುಂಬಿರಲಿಲ್ಲ, ನಿಜ. ಆದರೆ ಆಮೇಲೆ ಏಳು ವರ್ಷ ಕಳೆದವಲ್ಲ.

ಮನೆಗೆ ಹೋಗಿ ಕಲಿಸುವವರನ್ನು ನಾವು ಬಿ.ಐ.ಇ.ಆರ್.ಟಿ. ಅನ್ನುತ್ತೇವೆ. ಇಡೀ ತಾಲೂಕಿಗೆ ಬೆರಳೆಣಿಕೆಯಷ್ಟು ಜನ. ನಮ್ಮ ಕಡೆಗೆ ಬರುವವರು ಒಳ್ಳೆಯ ಹೆಣ್ಣುಮಗಳು, ಎರಡು ಬಸ್ಸು ಬದಲಾಯಿಸಿ, ಕೊನೆಯ ಎರಡು ಕಿಲೋಮೀಟರ್ ನಡೆದು ಬರುತ್ತಾರೆ. ಹುಡುಗನ ಕಾಲು ನೀವಿ ಸಡಿಲ ಮಾಡುವುದನ್ನು ಅವನಮ್ಮನಿಗೆ ಕಲಿಸಿದವರು ಅವರೇ. ಮುಂದೆ ಹಲಗೆ ಇರುವ ವಿಶೇಷ ಕುರ್ಚಿ ತರಿಸಿಕೊಟ್ಟವರೂ ಅವರೇ. ಅವರ ಕೆಲಸದಲ್ಲಿ ನಾನು ಹುಳುಕು ಹುಡುಕುವುದಿಲ್ಲ. ಆದರೆ ತಿಂಗಳಿಗೆ ಒಂದೆರಡು ಸಲ, ಸಲಕ್ಕೆ ಒಂದೆರಡು ಗಂಟೆ. ಮಿಕ್ಕ ದಿನಗಳಲ್ಲಿ ಅಪ್ಪ ಅಮ್ಮ ಕೂಲಿಗೆ ಹೋದರೆ ಹುಡುಗನಿಗೆ ಜೊತೆ ಅಂದರೆ ಅಜ್ಜಿ ಮತ್ತು ಟಿವಿ. ಅಪ್ಪ ಅಂಗಳದಲ್ಲಿ ಕೆಲಸ ಮಾಡುವ ದಿನ ಹುಡುಗನೂ ಅಲ್ಲೇ. ಅಟ್ಟದಿಂದ ಇಳಿಸಿದ ಕಾಯನ್ನು ಅಪ್ಪ ಅವನ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಗಿಟುಕು ಬಿಟ್ಟುಕೊಂಡು ಗಡಗಡ ಅಂದರೆ ಕೊಬ್ಬರಿ ಆಗಿದೆ, ಇಲ್ಲದಿದ್ದರೆ ಇನ್ನೂ ಅಟ್ಟದಲ್ಲೇ ಇರಬೇಕು. ಹುಡುಗನ ಕಿವಿ ತಪ್ಪುವುದಿಲ್ಲವಂತೆ. "ನನಗಿಂತ ಅವನೇ ಸರಿ" ಅಂತ ಅವರಪ್ಪ ಹೇಳಿದ್ದಾರೆ. ಆದದ್ದೆಷ್ಟು, ಆಗದ್ದೆಷ್ಟು ಅನ್ನುವ ಲೆಕ್ಕವೂ ಅವನ ಬಾಯಲ್ಲೇ. ಕೂಡುವುದು ಕಳೆಯುವುದು ಅವನು ಕಲಿತದ್ದು ಹಾಗೆ. ನಮ್ಮ ಮೌಲ್ಯಮಾಪನದ ಹಾಳೆಯಲ್ಲಿ ಇದಕ್ಕೆ ಜಾಗ ಇರಲಿಲ್ಲ.

ಮನೆಗೆ ಪಾಠ ಬರಬಹುದು. ಜಗಳ ಬರುವುದಿಲ್ಲ. ಏಳು ವರ್ಷದಲ್ಲಿ ಅವನ ಪೆನ್ಸಿಲನ್ನು ಯಾರೂ ಕದಿಯಲಿಲ್ಲ, ಅವನ ಮೇಲೆ ಯಾರೂ ನನಗೆ ಚಾಡಿ ಹೇಳಲಿಲ್ಲ, ಅವನಿಗೆ ಯಾರೂ ಟೂ ಬಿಡಲಿಲ್ಲ. ಶಾಲೆ ಅಂದರೆ ಅರ್ಧಕ್ಕರ್ಧ ಇದೇ. ಉಳಿದರ್ಧ ಪಾಠ.

ಇಷ್ಟಾದರೂ ನನಗೆ ಇಂಥ ಮಕ್ಕಳನ್ನು ಕಂಡರೆ ಆಗದು ಅಂದುಕೊಳ್ಳಬೇಡಿ. ಈ ಹುಡುಗನ ದಾಖಲಾತಿಗೆ ಐದು ವರ್ಷ ಮೊದಲು, 2012ರಲ್ಲಿ, ಒಬ್ಬ ಹುಡುಗಿಯನ್ನು ಮರುಮಾತಾಡದೆ ಸೇರಿಸಿಕೊಂಡಿದ್ದೆ. ಊರವರು 'ಬುದ್ಧಿ ಸ್ವಲ್ಪ ಕಮ್ಮಿ' ಅನ್ನುತ್ತಿದ್ದ ಮಗು. ಮಾತು ತೊದಲು, ಒಂದು ಹೇಳಿದರೆ ತಿಳಿಯಲು ಹೊತ್ತು ಬೇಕು. ಅವಳು ನನ್ನ ನಲಿ-ಕಲಿ ಕೋಣೆಯಲ್ಲಿ ಮೂರು ವರ್ಷ ಇದ್ದಳು. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಮನಸ್ಸಿಗೆ ಒಪ್ಪುವ ಹಾಗೆ ಮಾಡಿದ ಕೆಲಸ ಅಂತ ಇದ್ದರೆ ಅದೇ ಮೂರು ವರ್ಷ.

ನಲಿ-ಕಲಿ ನೋಡದವರಿಗೆ ಒಂದು ಮಾತು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದ ಪದ್ಧತಿ ಇದು. ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ, ಗುಂಪು ಗುಂಪಾಗಿ ಕೂರುತ್ತಾರೆ. ಗುಂಪಿಗೆ 'ತಟ್ಟೆ' ಅನ್ನುತ್ತೇವೆ, ಒಟ್ಟು ಐದು ತಟ್ಟೆ. ಒಂದಕ್ಕೆ ಮೇಡಂ ಪೂರ್ತಿ ಸಹಾಯ, ಒಂದಕ್ಕೆ ಸ್ವಲ್ಪ ಸಹಾಯ, ಇನ್ನೆರಡಕ್ಕೆ ಜೊತೆಯ ಮಕ್ಕಳದೇ ಸಹಾಯ, ಐದನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಗೋಡೆಯ ಮೇಲೆ ಕಲಿಕೆಯ ಏಣಿ ಇರುತ್ತದೆ. ಮಗು ಬೆಳಿಗ್ಗೆ ಬಂದು ಏಣಿಯಲ್ಲಿ ತಾನು ಎಲ್ಲಿದ್ದೇನೆ ಅಂತ ನೋಡಿ, ಚಿತ್ರದ ಗುರುತು ಹಿಡಿದು ತನ್ನ ಕಾರ್ಡು ತೆಗೆದುಕೊಂಡು, ಆ ತಟ್ಟೆಗೆ ಹೋಗಿ ಕೂರಬೇಕು. ಅಕ್ಷರ ಬರದ ಮಗುವಿಗೂ ಚಿತ್ರ ಗೊತ್ತಾಗುತ್ತದೆ.

ಈ ಹುಡುಗಿ ಏಣಿಯ ಒಂದೇ ಮೈಲಿಗಲ್ಲಿನಲ್ಲಿ ಹದಿನಾಲ್ಕು ತಿಂಗಳು ಇದ್ದಳು. ಯಾರಿಗೂ ಗೊತ್ತಾಗಲೇ ಇಲ್ಲ. ಯಾಕೆ ಗೊತ್ತಾಗಬೇಕು? ಅವಳ ಪಕ್ಕದ ಹುಡುಗ ಮಲೇರಿಯಾ ಬಂದು ಹಿಂದುಳಿದಿದ್ದ, ಇನ್ನೊಬ್ಬಳು ಅಜ್ಜಿಯ ಊರಿಗೆ ಹೋಗಿ ಬಂದು ಅಲ್ಲೇ ನಿಂತಿದ್ದಳು, ಆ ಕೋಣೆಯಲ್ಲಿ ಎಲ್ಲರೂ ಒಂದೊಂದು ಮೆಟ್ಟಿಲಲ್ಲಿ ಇರುವವರೇ. ಹಿಂದೆ ಬಿದ್ದವರು ಅನ್ನಬೇಕಾದರೆ ಎಲ್ಲರೂ ಒಂದೇ ಗೆರೆಯಿಂದ ಓಡಬೇಕಲ್ಲ. ಅವಳಿಗೆ ಅಕ್ಷರ ನಿಧಾನ. ಆದರೆ ಇವತ್ತು ಯಾರು ಬಂದಿಲ್ಲ ಅಂತ ಹಾಜರಿ ಕೂಗುವ ಮೊದಲೇ ಹೇಳುತ್ತಿದ್ದಳು. ಕಾರ್ಡುಗಳನ್ನು ಟ್ರೇಯೊಳಗೆ ಸರಿಯಾದ ಜಾಗಕ್ಕೆ ವಾಪಸ್ಸು ಇಡುವ ಕೆಲಸ ಅವಳದೇ ಆಗಿಹೋಗಿತ್ತು, ಬೇರೆ ಯಾರಾದರೂ ಇಟ್ಟರೆ ಜಗಳಕ್ಕೇ ನಿಲ್ಲುವಳು.

2015ರಲ್ಲಿ ಅವಳು ನಾಲ್ಕನೇ ತರಗತಿಗೆ ಹೋದಳು. ಅಲ್ಲಿ ಬೆಂಚು, ಪಠ್ಯಪುಸ್ತಕ, 'ಎಲ್ಲರೂ ಇಪ್ಪತ್ತೆರಡನೇ ಪುಟ ತೆಗೀರಿ'. ಒಂದೇ ಗೋಡೆ ಆಚೆ. ಕೊನೆ ಬೆಂಚಿನಲ್ಲಿ ಕೂತು ನೋಟ್‌ಬುಕ್ಕಿನ ತುಂಬ ತನ್ನ ಹಳೆಯ ಕಾರ್ಡುಗಳ ಚಿತ್ರ ಬರೆಯುತ್ತಿದ್ದಳು, ಪುಟಗಟ್ಟಲೆ. ಎರಡು ಮೂರು ಸಲ ಎದ್ದು ಬಂದು ನನ್ನ ಕೋಣೆಯಲ್ಲಿ ಅವಳ ಹಳೆಯ ತಟ್ಟೆಯಲ್ಲಿ ಕೂತಳು. "ನೀನೀಗ ದೊಡ್ಡೋಳು ಕಣೆ, ನಿನ್ನ ಕ್ಲಾಸಿಗೆ ಹೋಗು" ಅಂತ ಎಬ್ಬಿಸಿ ಕಳಿಸಿದೆ. ಆ ವರ್ಷದ ದಸರಾ ರಜೆ ಮುಗಿದ ಮೇಲೆ ಅವಳು ಬರಲಿಲ್ಲ. ಈಗ ಮನೆಯಲ್ಲೇ ಇದ್ದಾಳೆ, ಹಸು ಕರು ನೋಡಿಕೊಳ್ಳುತ್ತಾಳೆ. ಡೈರಿಯ ಹತ್ತಿರ ಸಿಕ್ಕಿದರೆ ಇವತ್ತಿಗೂ ಮೊದಲು ಕೇಳುವುದು, "ಮಿಸ್, ಇವತ್ತು ಯಾರ್ಯಾರ್ ಬಂದಿಲ್ಲ?"

ಈ ಇಬ್ಬರನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನನ್ನ ಬಂಡವಾಳ ಗೊತ್ತಾಗುತ್ತದೆ. ಕಲಿಕೆಯ ಲೆಕ್ಕದಲ್ಲಿ ಹುಡುಗನಿಗೆ ಕಲಿಸುವುದು ಎಷ್ಟೋ ಸುಲಭವಿತ್ತು. ಆದರೆ ಹುಡುಗಿಯನ್ನು ಸೇರಿಸಿಕೊಂಡೆ, ಹುಡುಗನನ್ನು ಮನೆಗೆ ಕಳಿಸಿದೆ. ಯಾಕೆಂದರೆ ಹುಡುಗಿ ತಾನೇ ಎದ್ದು ಹೋಗಿ ಒಂದಕ್ಕೆ ಕೂತು ಬರುತ್ತಿದ್ದಳು. ಸಮನ್ವಯ ಶಿಕ್ಷಣದ ತರಬೇತಿಗಳಲ್ಲಿ ನಾನು ಎಷ್ಟೋ ದಿನ ಕೂತಿದ್ದೇನೆ. ವೈಕಲ್ಯದ ಇಪ್ಪತ್ತೊಂದು ವಿಧ, ಗುರುತಿಸುವುದು ಹೇಗೆ, ಪಾಠೋಪಕರಣ ಯಾವುದು ಎಲ್ಲ ಹೇಳಿದರು. ಶೌಚಾಲಯಕ್ಕೆ ಯಾರು ಕರೆದುಕೊಂಡು ಹೋಗುತ್ತಾರೆ ಅಂತ ಒಬ್ಬರೂ ಹೇಳಲಿಲ್ಲ. ನಾವೂ ಕೇಳಲಿಲ್ಲ, ಊಟದ ಹೊತ್ತಾಗಿತ್ತು.

ನಮ್ಮ ಶಾಲೆಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಶೌಚಾಲಯ ಇದೆ. ಬಾಗಿಲ ಮೇಲೆ ಗಾಲಿಕುರ್ಚಿಯ ಚಿತ್ರ, ಒಳಗೆ ಕಮೋಡು, ಹಿಡಿದುಕೊಳ್ಳಲು ಕಂಬಿ. ಬೀಗ ಹಾಕಿರುತ್ತದೆ. ಬಿಸಿಯೂಟದ ಹಳೆಯ ಪಾತ್ರೆ, ಹರಿದ ವಾಲಿಬಾಲ್ ನೆಟ್ಟು, ಮುರಿದ ಗ್ಲೋಬು ಅಲ್ಲಿವೆ. ರ‍್ಯಾಂಪೂ ಇದೆ. ಆನ್‌ಲೈನ್ ನಮೂನೆಯಲ್ಲಿ 'ಶೌಚಾಲಯ ಇದೆ, ರ‍್ಯಾಂಪ್ ಇದೆ' ಅಂತ ವರ್ಷಾ ವರ್ಷಾ ತುಂಬುವವಳು ನಾನೇ. ರ‍್ಯಾಂಪಿನ ಲೆಕ್ಕ ಒಂದಕ್ಕೆ ಹನ್ನೆರಡು. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇಳಿಜಾರು ಬೇಕು. ನಮ್ಮ ಜಗಲಿ ನೆಲದಿಂದ ಎರಡಡಿ ಎತ್ತರ, ಅಂದರೆ ಇಪ್ಪತ್ನಾಲ್ಕು ಅಡಿ ರ‍್ಯಾಂಪು ಇರಬೇಕು. ನಾನೇ ಟೇಪು ಹಿಡಿದು ಅಳೆದೆ, ಎಂಟಡಿ ಇದೆ. ಅದರ ಮೇಲೆ ಗಾಲಿಕುರ್ಚಿ ತಳ್ಳಬೇಕಾದರೆ ಇಬ್ಬರು ಗಟ್ಟಿ ಆಳು ಬೇಕು, ಇಳಿಸಬೇಕಾದರೆ ದೇವರೇ ಬೇಕು. ಮಳೆ ಬಂದಾಗ ಹಿಂದಿನ ಹೆಡ್‌ಮೇಷ್ಟ್ರ ಬೈಕು ಅದನ್ನು ಹತ್ತಿ ಜಗಲಿ ಸೇರುತ್ತಿತ್ತು. ಮಕ್ಕಳು ಅದರ ಮೇಲೆ ಜಾರುಬಂಡೆ ಆಡುತ್ತಾರೆ, ಅದೊಂದು ಲಾಭ.

ದಾಖಲಾತಿಯ ದಿನ ಬಿಟ್ಟರೆ ಹುಡುಗ ಶಾಲೆಯ ಜಗಲಿ ಹತ್ತಿದ್ದು ಒಂದೇ ದಿನ. 2024ರ ಏಪ್ರಿಲ್ 26, ಲೋಕಸಭೆ ಚುನಾವಣೆ. ನಮ್ಮ ಒಂದನೇ ಕೋಣೆ ಮತಗಟ್ಟೆ. ವಯಸ್ಸಾದವರಿಗೆ, ವಿಕಲಚೇತನ ಮತದಾರರಿಗೆ ಅಂತ ಹಿಂದಿನ ದಿನವೇ ಗಾಲಿಕುರ್ಚಿ ಬಂದಿತ್ತು. ನಮ್ಮ ರ‍್ಯಾಂಪು ನೋಡಿ ಪಂಚಾಯಿತಿಯವರೇ ಬೈದುಕೊಂಡು ಅದರ ಪಕ್ಕ ಉದ್ದನೆಯ ಹಲಗೆಯ ರ‍್ಯಾಂಪು ಜೋಡಿಸಿದ್ದರು. ಅವರಪ್ಪ ಓಟು ಹಾಕಲು ಬರುವಾಗ ಮಗನನ್ನೂ ಎತ್ತಿಕೊಂಡು ಬಂದರು. ಅಲ್ಲಿದ್ದ ಸ್ವಯಂಸೇವಕ ಹುಡುಗ ಒಂದೂ ಕೇಳದೆ ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಹಲಗೆಯ ಮೇಲೆ ತಳ್ಳಿಕೊಂಡು ಬಾಗಿಲವರೆಗೂ ಬಿಟ್ಟ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಅಪ್ಪ ಒಳಗೆ ಹೋಗಿ ಬರುವಷ್ಟು ಹೊತ್ತು ಹುಡುಗ ಬಾಗಿಲಲ್ಲಿ ಕೂತು ಗೋಡೆಯ ಮೇಲಿನ ಏಣಿ ನೋಡುತ್ತಿದ್ದ. "ಮಿಸ್, ಇದೇನಾ ನಮ್ ಸ್ಕೂಲು?" ಅಂದ. ಮಾರನೆಯ ದಿನ ಪಂಚಾಯಿತಿ ಟೆಂಪೋ ಬಂದು ಗಾಲಿಕುರ್ಚಿ, ಹಲಗೆ ಎರಡನ್ನೂ ಹೇರಿಕೊಂಡು ಹೋಯಿತು. ಮತ ಕೇಳುವ ದಿನ ಒಂದು ರಾತ್ರಿಯಲ್ಲಿ ಆಗುವ ಕೆಲಸ ಪಾಠದ ದಿನ ಏಳು ವರ್ಷಕ್ಕೂ ಆಗದು ಅಂದರೆ, ನಮ್ಮಿಂದ ಆಗುವುದಿಲ್ಲ ಅಂತ ಹೇಳಲು ನನಗೆ ಬಾಯಿ ಇಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಇಂಥ ಮಗು ಇರುವ ಶಾಲೆಗೆ ಒಬ್ಬ ಆಯಾ ಬೇಕು, ಸಂಬಳ ಕೊಟ್ಟು. ಕರುಣೆಯ ಮೇಲೆ ನಡೆಸುವುದು ಬೇಡ. ಈಗ ಏನಾಗುತ್ತಿದೆ ಗೊತ್ತೇ? ಅಕ್ಕಪಕ್ಕದ ಊರಿನ ಎರಡು ಶಾಲೆಗಳಲ್ಲಿ ಇಂಥ ಮಕ್ಕಳು ಬರುತ್ತಿದ್ದಾರೆ. ಬರುತ್ತಿರುವುದು ಅವರಮ್ಮಂದಿರು ಬೆಳಿಗ್ಗೆಯಿಂದ ಸಂಜೆವರೆಗೂ ಶಾಲೆಯ ಜಗಲಿಯ ಮೇಲೆ ಕೂತಿರುವುದರಿಂದ. ಒಂದು ಮಗುವಿನ ಓದಿಗೆ ಒಬ್ಬ ಹೆಂಗಸಿನ ದಿನದ ಕೂಲಿ ಕಟ್ಟು. ಇನ್ನೊಂದು ಕಡೆ ಬಿಸಿಯೂಟದ ಅಕ್ಕ ಸೌಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅವರಿಗೆ ಸಿಗುವ ಗೌರವಧನದಲ್ಲಿ ಈ ಕೆಲಸ ಸೇರಿಲ್ಲ. ಸಮಗ್ರ ಶಿಕ್ಷಣ ಯೋಜನೆ ಒಂದು ವಿಶೇಷ ಅಗತ್ಯದ ಮಗುವಿಗೆ ವರ್ಷಕ್ಕೆ 3,500 ರೂಪಾಯಿ ಅಂತ ಲೆಕ್ಕ ಹಾಕುತ್ತದೆ. ಪ್ರಾಥಮಿಕ ಶಾಲೆಯ 200 ದಿನಕ್ಕೆ ಹಂಚಿದರೆ ದಿನಕ್ಕೆ ಹದಿನೇಳೂವರೆ ರೂಪಾಯಿ. ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಒಂದು ಲೋಟ ಕಾಫಿ ಬರಬಹುದು.

ವಿಶೇಷ ಶಿಕ್ಷಕರ ಮಾತು ಹೇಳಿದರೆ ಸುಪ್ರೀಂ ಕೋರ್ಟ್ ನಮಗಿಂತ ಮುಂದಿದೆ. ಪ್ರಾಥಮಿಕ ಹಂತದಲ್ಲಿ ಹತ್ತು ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬರು ಅಂತ 2021ರ ಅಕ್ಟೋಬರ್‌ನಲ್ಲೇ ಹೇಳಿತ್ತು. ಮೂರೂವರೆ ವರ್ಷವಾಗುತ್ತ ಬಂದರೂ ಕೆಲಸ ಕಾಣದೆ, ಹುದ್ದೆ ಎಷ್ಟು ಬೇಕು ಅಂತ ಅಧಿಸೂಚನೆ ಹೊರಡಿಸಿ ಎಂದು 2025ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. 2011ರ ಜನಗಣತಿಯನ್ನು ಆಧರಿಸಿ ಯುನೆಸ್ಕೋ 2019ರಲ್ಲಿ ಹೊರತಂದ ವರದಿಯ ಪ್ರಕಾರ, ದೇಶದಲ್ಲಿ ಐದರಿಂದ ಹತ್ತೊಂಬತ್ತರ ನಡುವಿನ ವಿಕಲಚೇತನ ಮಕ್ಕಳಲ್ಲಿ ಶೇ 27ರಷ್ಟು ಮಂದಿ ಯಾವತ್ತೂ ಶಾಲೆಯ ಮುಖ ನೋಡಿದವರಲ್ಲ. ನನ್ನ ಹುಡುಗ ಆ 27ರಲ್ಲಿ ಸೇರುವುದಿಲ್ಲ ನೋಡಿ. ಅವನು ಏಳನೇ ತರಗತಿ ಪಾಸು.

ಎಸ್.ಡಿ.ಎಂ.ಸಿ. ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಈ ವಿಷಯ ಎತ್ತಿದಾಗ ಒಬ್ಬರು, "ನಮ್ ಮಕ್ಳು ಅದನ್ನೇ ನೋಡ್ಕಂಡ್ ಕಲೀತವೆ ಮೇಡಂ" ಅಂದರು. ಏನನ್ನು ನೋಡಿ ಏನು ಕಲಿಯುತ್ತಾರೆ ಅಂತ ಕೇಳಿದೆ, ಅವರಿಗೂ ಗೊತ್ತಿರಲಿಲ್ಲ. ಪೇಟೆಯ ಖಾಸಗಿ ಶಾಲೆಯವರು ಇಷ್ಟು ಒರಟಾಗಿ ಮಾತಾಡುವುದಿಲ್ಲ. ನನ್ನ ಗೆಳತಿಯ ಆಟಿಸಂ ಇರುವ ಮಗಳಿಗೆ ಒಂದು ಕಡೆ, "ನಿಮ್ಮ ಮಗೂಗೆ ನಮ್ಮಲ್ಲಿ ನ್ಯಾಯ ಒದಗಿಸೋಕೆ ಆಗಲ್ಲ" ಅಂತ ಕಾಫಿ ಕೊಟ್ಟು ಹೇಳಿ ಕಳಿಸಿದರು. ಶಿಕ್ಷಕರ ತಕರಾರನ್ನು ಮಾತ್ರ ನಾನು ತಳ್ಳಿಹಾಕಲಾರೆ. ಮೂರು ತರಗತಿ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಹಾಲಿನ ಪುಡಿ, ಸಮೀಕ್ಷೆ, ದಿನಕ್ಕೆ ನಾಲ್ಕು ಸಲ ವಾಟ್ಸ್ಆ್ಯಪ್‌ನಲ್ಲಿ ಮಾಹಿತಿ. ಇದರ ಮೇಲೆ ಇನ್ನೊಂದು ಅಂದರೆ ಯಾರಾದರೂ ಕೈ ಚೆಲ್ಲುತ್ತಾರೆ. ಅದಕ್ಕೇ ಕರುಣೆ ಬೇಡ, ಆಯಾ ಬೇಕು ಅನ್ನುವುದು. ಮತ್ತೆ, ಎಲ್ಲ ವಿಶೇಷ ಶಾಲೆ ಮುಚ್ಚಿ ಅಂತಲೂ ನಾನು ಹೇಳುತ್ತಿಲ್ಲ. ಕಿವಿ ಕೇಳದ ಮಗುವಿಗೆ ಸನ್ನೆಯಲ್ಲಿ ಮಾತಾಡುವ ಹತ್ತು ಮಕ್ಕಳ ಜೊತೆ ಸಿಗುವ ಸುಖ ನಮ್ಮ ಊರಿನ ಶಾಲೆಯಲ್ಲಿ ಸಿಗದೆ ಹೋಗಬಹುದು. ನಮ್ಮ ಕಡೆಯವರು ಮಕ್ಕಳ ಕಿವಿ ಪರೀಕ್ಷೆಗೆ ಅರಸೀಕೆರೆಯಲ್ಲಿ ರೈಲು ಹತ್ತಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿಬರುತ್ತಾರೆ, ಹೋದವರಿಗೆ ಒಳ್ಳೆಯದೇ ಆಗಿದೆ. ಆರಿಸಿಕೊಂಡು ಹೋಗುವುದು ಬೇರೆ, ಬಾಗಿಲಲ್ಲೇ ತಿರುಗಿಸಿ ಕಳಿಸುವುದು ಬೇರೆ.

ಶಾಲೆಯ ಪ್ರವಾಸದ ಒಂದು ವಿಷಯ ಹೇಳಿಬಿಡುತ್ತೇನೆ. ಪೋಲಿಯೊ ಕಾಲಿನ ಒಬ್ಬ ಹುಡುಗಿಯನ್ನು ಹಿಂದೊಮ್ಮೆ ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋಗಲಿಲ್ಲ. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಅವಳಿಗೆ ಆಗುವುದಿಲ್ಲ ಅಂತ ನಾವೇ ಮೀಟಿಂಗಿನಲ್ಲಿ ತೀರ್ಮಾನ ಮಾಡಿದೆವು. ಹೋದ ಮೇಲೆ ನೋಡಿದರೆ ಬೆಟ್ಟ ಹತ್ತಲಾಗದೆ ಕೆಳಗೆ ಕಲ್ಯಾಣಿಯ ಹತ್ತಿರ ಕೂತವರು ನಮ್ಮಲ್ಲೇ ಮೂವರು ಮೇಷ್ಟ್ರುಗಳು. ಅವರನ್ನು ಯಾರೂ ಊರಿನಲ್ಲಿ ಬಿಟ್ಟು ಬಂದಿರಲಿಲ್ಲ. ಬೆಟ್ಟದ ಬುಡದಲ್ಲಿ ಡೋಲಿ ಹೊರುವವರೂ ಇದ್ದರು.

ಲಾಂಗ್ ಬೆಲ್ ಹೊಡೆದ ಮೇಲಿನ ಹೊತ್ತಿನ ಬಗ್ಗೆ ಯಾವ ಸುತ್ತೋಲೆಯೂ ಬರುವುದಿಲ್ಲ. ಆದರೆ ಮಕ್ಕಳ ಗೆಳೆತನ ಕುದುರುವುದು ಆ ಹೊತ್ತಿನಲ್ಲೇ. ಮನೆಪಾಠಕ್ಕೆ ಒಟ್ಟಿಗೆ ಹೋಗುವುದು, ಪ್ರತಿಭಾ ಕಾರಂಜಿಗೆ ಕೋಲಾಟ ಕಲಿಯುವುದು, ಬೇಸಿಗೆ ಶಿಬಿರ. ವಿಕಲಚೇತನ ಮಕ್ಕಳು ಶಾಲೆಗೆ ಬಂದರೂ ಇಲ್ಲಿಗೆ ಬರುವುದಿಲ್ಲ, ಕರೆಯುವವರೂ ಇಲ್ಲ. ನಮ್ಮೂರಲ್ಲಿ ಇದು ಮುರಿದದ್ದು ಶಾಲೆಯಿಂದಲ್ಲ, ಪಂಚಾಯಿತಿ ಗ್ರಂಥಾಲಯದಿಂದ. ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, 2020ರ ಮಕ್ಕಳ ದಿನಾಚರಣೆಯ ಹೊತ್ತಿಗೆ 'ಓದುವ ಬೆಳಕು' ಶುರುವಾಗಿ ಮಕ್ಕಳಿಗೆಲ್ಲ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅದಕ್ಕೆ 'ಅರಿವು ಕೇಂದ್ರ' ಅಂತ ಹೆಸರು. ನಮ್ಮಲ್ಲಿ ಒಂದು ದೊಡ್ಡ ಕೋಣೆ, ನಾಲ್ಕು ಕಪಾಟು, ಎರಡು ಕಂಪ್ಯೂಟರು, ಒಂದು ಕೇರಂ ಬೋರ್ಡು. ಹೊಸದಾಗಿ ಕಟ್ಟಿಸಿದ್ದರಿಂದ ಬಾಗಿಲಿಗೆ ಮೆಟ್ಟಿಲಿಲ್ಲ. ಯಾರೋ ಪುಣ್ಯಾತ್ಮ ಇಂಜಿನಿಯರು ಯೋಚಿಸಿ ಮಾಡಿದ್ದೋ, ಸಿಮೆಂಟು ಸಾಲದೆ ಆದದ್ದೋ ಗೊತ್ತಿಲ್ಲ.

ಅಲ್ಲಿನ ಮೇಲ್ವಿಚಾರಕಿ ಹುಡುಗನ ಮನೆಯ ಬೀದಿಯವಳೇ. ಒಂದು ದಿನ ಅವರಪ್ಪನಿಗೆ, "ಅಣ್ಣ, ಸಂಜೆ ಟಿವಿಎಸ್‌ನಲ್ಲಿ ಕೂರಿಸ್ಕೊಂಡು ತಂದು ಬಿಡು, ಆರು ಗಂಟೆಗೆ ಬಂದು ಕರ್ಕೊಂಡ್ ಹೋಗು" ಅಂದಳಂತೆ. ಫಾರಂ ಇಲ್ಲ, ಶೇಕಡಾವಾರು ಇಲ್ಲ. ಒಂದಕ್ಕೆ ಬಂದರೆ? ಅದನ್ನೂ ನಾನೇ ಕೇಳಿದೆ, ಚಾಳಿ ನೋಡಿ. "ಅವನ ಚಿಕ್ಕಪ್ಪನ ಮಗ ಇರ್ತಾನೆ, ಹತ್ತನೇ ಕ್ಲಾಸು, ಎತ್ಕೊಂಡ್ ಹೋಗ್ತಾನೆ. ಅವನಿಲ್ದಿದ್ರೆ ನಾನಿದೀನಲ್ಲ ಮೇಡಂ."

ಹೈಸ್ಕೂಲು ಎಂಟು ಕಿಲೋಮೀಟರು ದೂರ, ಅಲ್ಲಿಯೂ ಅವನು ಹೋಮ್ ಬೇಸ್ಡ್. ಅರಿವು ಕೇಂದ್ರಕ್ಕೆ ಮಾತ್ರ ತಪ್ಪಿಸುವುದಿಲ್ಲ. ಕಳೆದ ಶ್ರಾವಣದಲ್ಲಿ ಒಂದು ಸಂಜೆ ಹೋದಾಗ ಕೇರಂ ಆಡುತ್ತಿದ್ದ. ಅವನಿಗೆ ಬೆರಳಲ್ಲಿ ಸ್ಟ್ರೈಕರ್ ಚಿಮ್ಮಿಸಲು ಬರುವುದಿಲ್ಲ, ಬಲಗೈ ಮುಷ್ಟಿಯ ಬದಿಯಿಂದ ತಳ್ಳುತ್ತಾನೆ. ಕೇರಂನಲ್ಲಿ ತಳ್ಳುವುದು ಫಾಲ್. ಮೊದಲ ವಾರ ಇದರ ಮೇಲೆ ದೊಡ್ಡ ಜಗಳ ಆಗಿತ್ತಂತೆ. ಒಬ್ಬ ಎದ್ದೇ ಹೋಗಿದ್ದನಂತೆ. ಆಮೇಲೆ ಮಕ್ಕಳೇ ಕೂತು ಕಾನೂನು ಮಾಡಿದ್ದಾರೆ: ತಳ್ಳಬಹುದು, ಆದರೆ ತಳ್ಳಿ ಹಾಕಿದ ಕಾಯಿನ್ನಿಗೆ ಒಂದು ಪಾಯಿಂಟು ಕಡಿಮೆ. ಈ ಕಾನೂನು ಅವನೊಬ್ಬನಿಗಲ್ಲ, ಯಾರು ತಳ್ಳಿದರೂ ಅಷ್ಟೇ. ದೂರದ ಕಾಯಿನ್ನಿಗೆ ಈಗ ಬೇರೆಯವರೂ ತಳ್ಳುತ್ತಾರೆ. 2016ರ ಕಾಯ್ದೆಯಲ್ಲಿ 'ಸೂಕ್ತ ಹೊಂದಾಣಿಕೆ' ಅನ್ನುವುದಕ್ಕೆ ಒಂದು ಉದ್ದನೆಯ ವಿವರಣೆ ಇದೆ. ನನಗೆ ಅದು ಅರ್ಥವಾದದ್ದು ಆ ಬೋರ್ಡಿನ ಹತ್ತಿರ ನಿಂತಾಗ.

ಅವನ ನಡತೆಯೂ ಅವತ್ತೇ ಗೊತ್ತಾಯಿತು. ಉತ್ತಮ ಏನಲ್ಲ. ಸೋಲುವ ಹಾಗೆ ಕಂಡರೆ ಮೊಣಕೈಯಿಂದ ಬೋರ್ಡು ಅಲ್ಲಾಡಿಸಿ, "ಕೈ ತಾನೇ ಹೋಯ್ತು" ಅನ್ನುತ್ತಾನೆ. ಅದು ಸುಳ್ಳು ಅಂತ ಎಲ್ಲರಿಗೂ ಗೊತ್ತು. ಒಬ್ಬ ಅವನ ತಲೆಗೆ ಮೊಟಕಿದ. ಇವನು ಬೈದ, ಅಚ್ಚ ನಮ್ಮೂರ ಬೈಗುಳ.

ಬರುವ ವರ್ಷ ನಲಿ-ಕಲಿ ಕೋಣೆಗೆ ಅದೇ ಬೀದಿಯ ಇನ್ನೊಂದು ಮಗು ಬರಲಿದೆ, ಅದಕ್ಕೂ ನಡೆಯಲು ಬರುವುದಿಲ್ಲ. ಶೌಚಾಲಯದ ಪಾತ್ರೆಗಳನ್ನು ಈಗಾಗಲೇ ಹೊರಗೆ ಹಾಕಿಸಿದ್ದೇನೆ. ರ‍್ಯಾಂಪಿಗೆ ಪಂಚಾಯಿತಿಯಲ್ಲಿ ಅರ್ಜಿ ಕೊಟ್ಟಿದ್ದೇನೆ, ಇಪ್ಪತ್ನಾಲ್ಕು ಅಡಿ ಅಂತ ಬರೆದು, ಅಡಿಗೆರೆ ಎಳೆದು. ಆಯಾಗೆ ದುಡ್ಡು ಎಲ್ಲಿಂದ ಅಂತ ಯಾರೂ ಹೇಳುತ್ತಿಲ್ಲ.

ಅರಿವು ಕೇಂದ್ರದ ಆ ಸಂಜೆ, ನಾಲ್ಕನೆಯವರಿಲ್ಲ ಅಂತ ನನ್ನನ್ನೂ ಕೇರಂ ಆಟಕ್ಕೆ ಕೂರಿಸಿದರು. ಇಪ್ಪತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದು ನನ್ನ ಬಲ ಭುಜ ಹಿಡಿದುಕೊಂಡಿದೆ, ಕೈ ಮುಂದೆ ಚಾಚಿದರೆ ನೋವು. ಎರಡು ಸಲ ಹೊಡೆದೆ, ಸ್ಟ್ರೈಕರ್ ಬೋರ್ಡಿನ ಅರ್ಧಕ್ಕೂ ಹೋಗಲಿಲ್ಲ. ಹುಡುಗ ಕುತ್ತಿಗೆ ವಾಲಿಸಿ ನನ್ನ ಕೈ ನೋಡುತ್ತಿದ್ದ.

"ಮಿಸ್, ಬೇಕಾದ್ರೆ ನೀವೂ ತಳ್ಳಿ. ಒಂದ್ ಪಾಯಿಂಟ್ ಕಮ್ಮಿ, ಅಷ್ಟೆ."